ಸ್ಕಿಟ್‌ಗಳಿಗೆ ಬಾಡಿಗೆ ಸೆಟ್: ಬಾಗಿಲು ಗಟ್ಟಿ, ಚಕ್ರದ್ದೇ ಕಿರಿಕಿರಿ

ಶಿವಮೊಗ್ಗದ ಒಂದು ಅಂಗಡಿ ಕಾಲೇಜು ಹುಡುಗರ ಸ್ಕಿಟ್ ಶೋಗಳಿಗೆ ಬಾಡಿಗೆಗೆ ಕೊಡುವ ಸೆಟ್ ಇದು. ನಾಟಕಕ್ಕೆ ಹಾಕಿದ ಸೆಟ್ ಎರಡು ಗಂಟೆ ನಿಂತೇ ಇರುತ್ತದೆ. ಸ್ಕಿಟ್‌ಗಳಲ್ಲಿ ಒಂದೂವರೆ ಗಂಟೆಗೆ ಹತ್ತು ಜಾಗ ಬದಲಾಗಬೇಕು, ನಡುವಿನ ಕತ್ತಲೆ 20 ಸೆಕೆಂಡ್ ದಾಟಬಾರದು. ದಾಟಿದರೆ ಸಭೆ ಮೊಬೈಲ್ ತೆಗೆಯುತ್ತದೆ, ಮುಂದಿನ ಸ್ಕಿಟ್‌ನ ಮೊದಲ ಜೋಕು ನೀರಿಗೆ ಬಿದ್ದ ಹಾಗೆ.

ಈ ಲೆಕ್ಕದಲ್ಲಿ ಇವರ ಬಾಗಿಲು ಚಿನ್ನ. 3 ಅಡಿ ಅಗಲ, ಆರೂವರೆ ಅಡಿ ಎತ್ತರದ ಚೌಕಟ್ಟು, ಹಿಂದೆ ಎರಡು ತ್ರಿಕೋನದ ಆಸರೆ, ಅವುಗಳ ಮೇಲೆ ಮರಳು ಚೀಲ. ದಢಾರನೆ ಹಾಕಿದರೂ ಗೋಡೆ ಅಲುಗುವುದಿಲ್ಲ. ಪ್ರಹಸನದ ಅರ್ಧ ನಗು ಬರುವುದೇ ಬಾಗಿಲಿನಿಂದ. ಕದ ಪ್ರೇಕ್ಷಕರ ಕಡೆ ತೆರೆದರೆ ಒಳಗೆ ಬರುವವನ ಮುಖ ಮರೆಯಾಗುತ್ತದೆ. ಇಲ್ಲಿ ಹಿಂದಕ್ಕೆ ತೆರೆಯುವಂತೆ ಕೀಲು ಹಾಕಿದ್ದಾರೆ. ಬಲ್ಲವರ ಕೆಲಸ. ಮಳೆಗಾಲದಲ್ಲಿ ಮಾತ್ರ ಚೀಲ ಮುಟ್ಟಿ ನೋಡಿ, ಒದ್ದೆ ಮರಳು ಸೋರಿದರೆ ವೇದಿಕೆ ಜಾರುತ್ತದೆ.

ಫ್ಲ್ಯಾಟುಗಳು, ಅಂದರೆ ಗೋಡೆಯಂತೆ ನಿಲ್ಲಿಸುವ ಹಲಗೆಗಳು, 8 ಅಡಿಗೆ 4 ಅಡಿ, ರೀಪಿನ ಚೌಕಟ್ಟಿಗೆ 4 ಎಂಎಂ ಪ್ಲೈವುಡ್. ಡಿಸ್ಟೆಂಪರ್ ಬಳಿದಿರುವುದರಿಂದ ಲೈಟಿಗೆ ಹೊಳೆಯುವುದಿಲ್ಲ. ಆದರೆ ಹಿಂಬದಿಗೆ ಬಣ್ಣವೇ ಇಲ್ಲ. ನಮ್ಮ ಮಲೆನಾಡಿನ ಮಳೆಯಲ್ಲಿ ಆ ಮೈ ತೇವ ಕುಡಿದು ಹಿಗ್ಗುತ್ತದೆ, ಹಲಗೆ ಹಪ್ಪಳದಂತೆ ಬಾಗುತ್ತದೆ. ಎರಡನ್ನು ಜೋಡಿಸಿದರೆ ಬೆರಳು ತೂರುವಷ್ಟು ಸಂದಿ. ಹಿಂದಿನಿಂದ ಕಪ್ಪು ಬಟ್ಟೆಯ ಪಟ್ಟಿ ಹೊಡೆಯದೆ ಗತಿಯಿಲ್ಲ. ಕುವೆಂಪು ರಂಗಮಂದಿರದಂಥ ದೊಡ್ಡ ವೇದಿಕೆಗೆ 8 ಅಡಿ ಗಿಡ್ಡವೇ. ಹಿಂದೆ ಕಪ್ಪು ಪರದೆ ಬಿಟ್ಟು ಫ್ಲ್ಯಾಟುಗಳನ್ನು ಮುಂದಕ್ಕೆ ತನ್ನಿ.

18 ಇಂಚಿನ ಆರು ಮರದ ಡಬ್ಬಿಗಳಿಗೆ ಪೂರ್ತಿ ಅಂಕ. ಮೂರು ಸೇರಿದರೆ ಬಸ್ಸಿನ ಸೀಟು, ಆರು ಸೇರಿದರೆ ಆಸ್ಪತ್ರೆ ಮಂಚ. ಕೈ ತೂರಿಸಲು ತೂತು ಇರುವುದರಿಂದ ಒಬ್ಬನೇ ಎತ್ತಬಹುದು. ಅರಮನೆ ಪರದೆಯನ್ನೂ ತೋರಿಸುತ್ತಾರೆ, ಬೇಡ ಅನ್ನಿ. ತಾಲ್ಲೂಕು ಕಚೇರಿ ಸ್ಕಿಟ್‌ಗೆ ಹಿಂದೆ ಅರಮನೆ ಇಳಿಬಿಟ್ಟರೆ ಒಂದು ಸಲ ನಗು ಬಂದೀತು, ಅಷ್ಟೇ.

ಬೇಸರ ತರಿಸುವುದು ಲೆವೆಲ್‌ನ, ಅಂದರೆ ವೇದಿಕೆ ಮೇಲೆ ಎಳೆದು ತರುವ ಎತ್ತರದ ಕಟ್ಟೆಯ, ಚಕ್ರ. 2 ಇಂಚಿನ ಗಟ್ಟಿ ಪ್ಲಾಸ್ಟಿಕ್, ಬ್ರೇಕ್ ಇಲ್ಲ. ಕತ್ತಲಲ್ಲಿ ಎಳೆದರೆ ಗಡಗಡ ಸದ್ದು ಕೊನೆಯ ಸಾಲಿಗೂ ಕೇಳುತ್ತದೆ. ನಟ ಕೂತ ಕೂಡಲೇ ಲೆವೆಲ್ ಜರುಗುತ್ತದೆ. 3 ಇಂಚಿನ ರಬ್ಬರ್ ಚಕ್ರ, ಎರಡಕ್ಕಾದರೂ ಬ್ರೇಕ್ ಇರಲಿ ಎಂದು ಕೇಳಿ. ಸಿಗದಿದ್ದರೆ ಮರದ ಬೆಣೆ, ಅದಕ್ಕೊಬ್ಬ ಹುಡುಗ.

ಲೈಟಿನಲ್ಲಿ ಹಳೆಯ 1000 ವ್ಯಾಟ್ ಪಾರ್‌ಗಳೂ (ಡಬ್ಬಿಯಾಕಾರದ ವೇದಿಕೆ ದೀಪ) ಇವೆ. 15 ಆಂಪಿಯರ್ ಪ್ಲಗ್ಗಿಗೆ ಮೂರೇ. ನಾಲ್ಕನೆಯದು ಹಾಕಿದರೆ ಟ್ರಿಪ್. ಎಲ್‌ಇಡಿ ತೆಗೆದುಕೊಂಡರೆ ತಾನೇ ಬಣ್ಣ ಬದಲಿಸುವ ಆಟೋ ಮೋಡ್ ಆಫ್ ಮಾಡಿ, ಬಿಳಿಗೆ ನಿಲ್ಲಿಸಿ. ಮುಖ ಕಾಣದಿದ್ದರೆ ನಗುವುದು ಯಾರು?

ಸಾಗಣೆ ನಿಮ್ಮದೇ. ಟಾಟಾ ಏಸ್ ತೊಟ್ಟಿ ಏಳಡಿ ಚಿಲ್ಲರೆ, ಫ್ಲ್ಯಾಟ್ ಮುಕ್ಕಾಲು ಅಡಿ ಹೊರಗೆ ಚಾಚುತ್ತದೆ. ಅಡಿಕೆ ಒಣಗಿಸುವ ಟಾರ್ಪಾಲನ್ನು ತುದಿಗೂ ಸುತ್ತಿ ಕಟ್ಟಿ.