ನಡಿಗೆಗೊಂದು ತಾಳ: ಕ್ಲಿಪ್ ಮೆಟ್ರೊನೋಮ್, ಎರಡು ವರ್ಷ ಬಳಸಿದ ಮೇಲೆ

ಸಂಗೀತ ಕಲಿಯುವವರಿಗೆಂದು ಮಾಡಿದ, ಜೇಬಿಗೆ ಸಿಕ್ಕಿಸುವ ಪುಟ್ಟ ಮೆಟ್ರೊನೋಮ್, ಅಂದರೆ ಸಮ ಅಂತರದಲ್ಲಿ 'ಟಿಕ್' ಎನ್ನುವ ತಾಳಯಂತ್ರ ಇದು. ನಮ್ಮಲ್ಲಿ ಪಾರ್ಕಿನ್ಸನ್ ಇರುವವರ ನಡಿಗೆ ಅಭ್ಯಾಸಕ್ಕೆ ಬಳಸುತ್ತೇವೆ. ಕೆಲಸಕ್ಕೆ ಬರುತ್ತದೆ, ಆದರೆ ತಪ್ಪು ಗತಿಗೆ ಇಟ್ಟರೆ ಇಲ್ಲದಿರುವುದೇ ವಾಸಿ.

ಮಿದುಳಿನೊಳಗಿನ ಲಯ ಕೈಕೊಟ್ಟಾಗ ಹೊರಗಿನ 'ಟಿಕ್' ಹೆಜ್ಜೆಗೆ ಆಸರೆಯಾಗುತ್ತದೆ. ಅಮೆರಿಕದ ಕೊಲೊರಾಡೊದಲ್ಲಿ ಸಂಶೋಧಕ ಮೈಕೆಲ್ ಥಾಟ್ ತಂಡ ಇದನ್ನು ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿತು. ದಿನಕ್ಕೆ ಅರ್ಧ ಗಂಟೆಯಂತೆ ಮೂರೇ ವಾರದ ಅಭ್ಯಾಸಕ್ಕೆ ವೇಗವೂ ಹೆಜ್ಜೆಯ ಉದ್ದವೂ ಹೆಚ್ಚಿದ್ದವು.

ಮೊದಲು ಯಂತ್ರ ಆಫ್ ಇಟ್ಟು, ಮಾಮೂಲಿ ನಡಿಗೆಯಲ್ಲಿ 30 ಸೆಕೆಂಡಿಗೆ ಎಷ್ಟು ಹೆಜ್ಜೆ ಎಂದು ಎಣಿಸಿ. 48 ಬಂದರೆ ನಿಮಿಷಕ್ಕೆ 96. ಮೊದಲ ವಾರ ಅಲ್ಲಿಗೇ ಇಡಿ, ಆಮೇಲೆ ಶೇ. 5ರಷ್ಟು ಏರಿಸಿ 101. ಆಸೆಪಟ್ಟು ಒಮ್ಮೆಲೇ 120ಕ್ಕೆ ಏರಿಸಿದರೆ ಹೆಜ್ಜೆ ಚಿಕ್ಕದಾಗಿ, ಮೈ ಮುಂದಕ್ಕೆ ಬಾಗಿ, ದಾಪು ಹೋಗಿ ತಪತಪ ಓಟವಾಗುತ್ತದೆ. ಬೀಳುವುದು ಆಗಲೇ. ಹೊಸ್ತಿಲ ಬಳಿ ಕಾಲು ಅಂಟಿಕೊಂಡು ನಿಲ್ಲುವವರಿಗೆ ಲೆಕ್ಕ ಉಲ್ಟಾ: ಶೇ. 10ರಷ್ಟು ಇಳಿಸಿ, 86ರ ಸುಮಾರಿಗೆ. ಅಂಥವರು ನಿಂತಲ್ಲೇ ನಾಲ್ಕು ಟಿಕ್‌ಗೆ ಎಡಕ್ಕೆ ಬಲಕ್ಕೆ ಭಾರ ಬದಲಿಸಿ, ಐದನೆಯದಕ್ಕೆ ಕಾಲೆತ್ತಲಿ. ಅಂಕಿಯನ್ನು ಒಮ್ಮೆ ಫಿಸಿಯೋಥೆರಪಿಸ್ಟ್‌ಗೆ ತೋರಿಸಿಕೊಳ್ಳಿ.

ನಾಲ್ಕು ಬಡಿತಕ್ಕೊಮ್ಮೆ ಬರುವ 'ಟಿಂಗ್' ಆಫ್ ಮಾಡಿ. ಅದಕ್ಕೇ ಕಾಯುತ್ತಾ ನಡುವಿನ ಹೆಜ್ಜೆ ತಪ್ಪಿಸುತ್ತಾರೆ.

ಬೇಜಾರು ಬಂದು ಹಾಡಿಗೆ ಬದಲಾಯಿಸುವುದಾದರೆ ಆಲಾಪನೆ, ವಿಳಂಬ ಗತಿ ಬೇಡ. ಚತುರಶ್ರ ನಡೆಯ, ಅಂದರೆ ನಾಲ್ಕರ ಎಣಿಕೆಯ, ಡೋಲು ತಮಟೆ ಎದ್ದು ಕೇಳುವ ಹಾಡೇ ಬೇಕು. ತಿಶ್ರ ನಡೆಯಲ್ಲಿ ಎಣಿಕೆ ಮೂರಾದ್ದರಿಂದ ಎಡ-ಬಲ ಹೊಂದಿಸಿಕೊಳ್ಳಲು ತಿಣುಕಾಡುತ್ತಾರೆ. ಬ್ಲೂಟೂತ್ ದನಿ ತುಸು ತಡವಾಗಿ ಬಂದರೂ ಚಿಂತೆಯಿಲ್ಲ, ಟಿಕ್‌ಗಳ ನಡುವಿನ ಅಂತರ ಅಷ್ಟೇ ಇರುತ್ತದೆ. ದನಿ ಕಡಿದು ಕಡಿದು ಬಂದರೆ ಮಾತ್ರ ನಿಲ್ಲಿಸಿ.

ದೂರುಗಳೂ ಇವೆ. ದನಿ ತೀರಾ ಕೀರಲು, ವಯಸ್ಸಾದ ಕಿವಿಗೆ ಮೊದಲು ಮಂದವಾಗುವುದೇ ಆ ದನಿ. ರಸ್ತೆಯಲ್ಲಂತೂ ಕೇಳಿಸದು. ಇಯರ್‌ಫೋನ್ ಹಾಕುವುದಾದರೆ ಒಂದೇ ಕಿವಿಗೆ, ಇನ್ನೊಂದು ಹಾರ್ನ್ ಕೇಳಲಿಕ್ಕೆ ಇರಲಿ. ಸೆಲ್ ಇಳಿದಾಗ ಗತಿ ಬದಲಾಗದು, ದನಿ ಕುಗ್ಗುತ್ತದೆ. ಗುಂಡಿಗಳೋ ಅಕ್ಕಿಕಾಳಿನಷ್ಟು. ನಡುಗುವ ಬೆರಳು ಒಮ್ಮೆ ಒತ್ತಲು ಹೋಗಿ ಆರು ಸಲ ಒತ್ತಿ, 101 ಇದ್ದದ್ದು 107 ಆಗಿರುತ್ತದೆ. ಹೊರಡುವ ಮುಂಚೆ ಮನೆಯವರೊಬ್ಬರು ಪರದೆ ನೋಡಿ ಕಳಿಸಿ.