ನಾರ್ತ್‌ಕೋಟ್ ಕ್ಷೇತ್ರದ ಹಳೇ ರಿಸಲ್ಟು ಫ್ರೀಯಾಗಿ ಸಿಗುತ್ತೆ, ಆದ್ರೆ ಮೊದಲ ಪೇಜ್ ನೋಡಿ ಮೋಸ ಹೋಗ್ಬೇಡಿ

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಯಾವ ಅಸೆಂಬ್ಲಿ ಕ್ಷೇತ್ರದ ಹಳೇ ಎಲೆಕ್ಷನ್ ಲೆಕ್ಕ ಬೇಕಿದ್ರೂ ಒಂದು ಸೆಂಟ್ ಖರ್ಚಿಲ್ದೆ ಮನೇಲಿ ಕೂತೇ ತೆಗೀಬಹುದು. ಇಷ್ಟು ಒಳ್ಳೆ ಸರ್ವಿಸ್‌ಗೆ ಯಾರೂ ಒಂದು ರಿವ್ಯೂ ಬರೆದಿದ್ದು ನಾನಂತೂ ನೋಡಿಲ್ಲ, ಅದಕ್ಕೆ ನಾನೇ ಬರೀತಿದೀನಿ. ಟೆಸ್ಟ್ ಮಾಡೋಕೆ ನಾನು ತಗೊಂಡಿದ್ದು ನಾವಿರೋ ನಾರ್ತ್‌ಕೋಟ್ ಕ್ಷೇತ್ರ, ಮೆಲ್ಬರ್ನ್ ಸಿಟಿಯಿಂದ 86ನೇ ನಂಬರ್ ಟ್ರಾಮ್ ಹತ್ತಿದ್ರೆ ಹೈ ಸ್ಟ್ರೀಟ್ ಉದ್ದಕ್ಕೂ ಸಿಗುತ್ತಲ್ಲ ಅದೇ, ನಾರ್ತ್‌ಕೋಟ್, ಥಾರ್ನ್‌ಬರಿ, ಫೇರ್‌ಫೀಲ್ಡ್, ಆಲ್ಫಿಂಗ್ಟನ್, ಪ್ರೆಸ್ಟನ್‌ನ ಒಂದು ಪಾಲು.

ನಾನು ನೋಡಿದ್ದು ಮುಖ್ಯವಾಗಿ ಮೂರು ಕಡೆ. ಒಂದು ವಿಕ್ಟೋರಿಯನ್ ಎಲೆಕ್ಟೋರಲ್ ಕಮಿಷನ್, ಇಲ್ಲಿ ಎಲ್ಲರೂ ವಿಇಸಿ ಅಂತಾರೆ, ಎಲೆಕ್ಷನ್ ನಡೆಸೋದು ಎಣಿಸೋದು ಎಲ್ಲ ಅವರೇ. ಇನ್ನೊಂದು ಎಬಿಸಿ ಚಾನೆಲ್‌ನ ಎಲೆಕ್ಷನ್ ಗೈಡ್, ಆಂಟನಿ ಗ್ರೀನ್ ಅಂತ ಒಬ್ರು ವರ್ಷಗಟ್ಟಲೆ ಕೂತು ಕಟ್ಟಿದ್ದು, 2025ರ ಮೇ ತಿಂಗಳ ಫೆಡರಲ್ ಎಲೆಕ್ಷನ್ ರಾತ್ರಿ ಮುಗಿಸಿ ಟಿವಿ ಕೆಲಸ ಬಿಟ್ರು ಆ ಮನುಷ್ಯ. ಮೂರನೇದು ವಿಕ್ಟೋರಿಯಾ ಪಾರ್ಲಿಮೆಂಟಿನ ಮೆಂಬರ್‌ಗಳ ಡೇಟಾಬೇಸ್, 1851ರಿಂದ ಯಾರ್ಯಾರು ಮೆಂಬರ್ ಆಗಿದ್ರು ಅಂತ ಅದ್ರಲ್ಲಿದೆ. ವಿಕಿಪೀಡಿಯಾ ಕೂಡ ಬಿಡೋ ಹಾಗಿಲ್ಲ, ಹಳೇ ಎಲೆಕ್ಷನ್ ಟೇಬಲ್‌ಗಳು ಒಂದೇ ಪೇಜಲ್ಲಿ ಬೇಕು ಅಂದ್ರೆ ಅದೇ ಸುಲಭ.

ಈಗ ಮೊದಲ ಪೇಜಲ್ಲಿ ಏನು ಕಾಣುತ್ತೆ ಅಂದ್ರೆ, 1927ರಲ್ಲಿ ಕ್ಷೇತ್ರ ಹುಟ್ಟಿತು, ಅವತ್ತಿಂದ 2017ರ ತನಕ ತೊಂಬತ್ತು ವರ್ಷ ಲೇಬರ್ ಪಾರ್ಟಿ, ಆಮೇಲೆ ಒಂದು ವರ್ಷ ಗ್ರೀನ್ಸ್ ಪಾರ್ಟಿ, ಆಮೇಲೆ ಮತ್ತೆ ಲೇಬರ್. ಅಷ್ಟೇ ಕಥೆ. ಲೇಬರ್ ಭದ್ರಕೋಟೆ ಅಂತ ಓದ್ಕೊಂಡು ಟ್ಯಾಬ್ ಮುಚ್ಚಿಬಿಡ್ತೀರ. ಒಂದು ನ್ಯೂಸ್ ಸೈಟು, ಹೆಸರು ಬೇಡ, ಹಾಗೇ ಬರೆದಿತ್ತು ಕೂಡ, ಸೇಫ್ ಸೀಟ್ ಅಂತ ಒಂದು ಲೈನು, ಮುಗೀತು. ಆದ್ರೆ ಗೆಲ್ಲೋದು ಸೋಲೋದು ನಿಜವಾಗಿ ಹೇಗೆ ತೀರ್ಮಾನ ಆಗ್ತಿದೆ ಅಂತ ಗೊತ್ತಾಗ್ಬೇಕಿದ್ರೆ ಗೆದ್ದವರ ಲಿಸ್ಟ್ ಸಾಕಾಗಲ್ಲ. ಈ ಕ್ಷೇತ್ರದಲ್ಲಿ ಒಂದು ಸಲಾನೂ ಗೆಲ್ಲದೆ ಇರೋ ಲಿಬರಲ್ ಪಾರ್ಟಿ ಪ್ರತಿ ಸಲ ಏನು ಮಾಡ್ತು ಅಂತ ನೋಡ್ಬೇಕು, ಅದು ಸಿಗೋದು ನಾಲ್ಕೈದು ಕ್ಲಿಕ್ ಒಳಗೆ ಹೋದ್ಮೇಲೆ.

ಲಿಸ್ಟ್ ಚೆನ್ನಾಗಿಲ್ಲ ಅಂತ ನಾನು ಹೇಳ್ತಿಲ್ಲ, ಅದೂ ಮಜವಾಗಿದೆ. ಮೊದಲ್ನೆಯವ್ರು ಜಾನ್ ಕೇನ್, 1917ರಿಂದ ಜಿಕಾ ಜಿಕಾ ಅನ್ನೋ ಕ್ಷೇತ್ರದಲ್ಲಿದ್ದೋರು 1927ರಲ್ಲಿ ಹೊಸ ನಾರ್ತ್‌ಕೋಟ್‌ಗೆ ಬಂದ್ರು, ಮೂರು ಸಲ ಪ್ರೀಮಿಯರ್, ಅಂದ್ರೆ ರಾಜ್ಯದ ಮುಖ್ಯಮಂತ್ರಿ ಆದ್ರು, ಮೂರನೇ ಸರ್ಕಾರ 1955ರಲ್ಲಿ ಲೇಬರ್ ಪಾರ್ಟಿ ಒಡೆದಾಗ ಬಿತ್ತು, 1957ರಲ್ಲಿ ತೀರಿಕೊಳ್ಳೋ ತನಕ ಇದೇ ಕ್ಷೇತ್ರ. ಅವ್ರ ಮಗ, ಅವ್ರ ಹೆಸರೂ ಜಾನ್ ಕೇನೇ, 1982ರಲ್ಲಿ ಪ್ರೀಮಿಯರ್ ಆದ್ರು, ಆದ್ರೆ ಬೇರೆ ಕ್ಷೇತ್ರದಿಂದ, ಸರ್ಚ್ ಮಾಡೋವಾಗ ಅಪ್ಪ ಮಗ ಮಿಕ್ಸ್ ಆಗ್ತಾರೆ, ನೋಡ್ಕೊಳ್ಳಿ. ಕೇನ್ ಆದ್ಮೇಲೆ ಫ್ರ್ಯಾಂಕ್ ವಿಲ್ಕ್ಸ್ 1988ರ ತನಕ. ಲೆಕ್ಕ ಹಾಕಿ, ಅರವತ್ತು ವರ್ಷ ದಾಟಿತು, ಮೆಂಬರ್ ಆಗಿದ್ದು ಬರೀ ಇಬ್ರು. ಆಮೇಲೆ ಟೋನಿ ಶೀಹನ್, 1998ರ ಬೈ ಎಲೆಕ್ಷನ್‌ನಲ್ಲಿ ಟಿವಿ ಜರ್ನಲಿಸ್ಟ್ ಆಗಿದ್ದ ಮೇರಿ ಡೆಲಹಂಟಿ, 2006ರಿಂದ ಫಿಯೋನಾ ರಿಚರ್ಡ್‌ಸನ್, 2017ರಲ್ಲಿ ಲಿಡಿಯಾ ಥಾರ್ಪ್, 2018ರಿಂದ ಕ್ಯಾಟ್ ಥಿಯೋಫನಸ್. ಏಳೇ ಜನ ನೋಡಿ, ಮೊದಲ ಮೂರು ಗಂಡಸ್ರು, ಆಮೇಲೆ ನಾಲ್ಕೂ ಹೆಂಗಸ್ರೇ. ಈ ಭಾಗಕ್ಕೆ ಪಾರ್ಲಿಮೆಂಟ್ ಡೇಟಾಬೇಸ್ ಚೊಕ್ಕವಾಗಿದೆ, ಯಾರು ಯಾವಾಗ ಮಿನಿಸ್ಟರ್ ಆದ್ರು ಎಲ್ಲ ತಾರೀಖು ಸಮೇತ ಸಿಗುತ್ತೆ. ಐದು ಸ್ಟಾರ್ ಕೊಟ್ಟೆ.

ಅಷ್ಟು ವರ್ಷ ಯಾಕೆ ಅಲುಗಾಡಲಿಲ್ಲ ಅಂದ್ರೆ ಕಾರಣ ಊರಲ್ಲೇ ಇದೆ. ಇಲ್ಲಿ ಇಟ್ಟಿಗೆ ಫ್ಯಾಕ್ಟರಿ ಇತ್ತು, ಈಗ ಆಲ್ ನೇಷನ್ಸ್ ಪಾರ್ಕ್ ಅಂತ ಮಕ್ಕಳನ್ನ ಕರ್ಕೊಂಡು ಹೋಗ್ತೀವಲ್ಲ, ಅದು ಇಟ್ಟಿಗೆಗೆ ಮಣ್ಣು ತೆಗೆದ ಗುಂಡಿ, ಆಮೇಲೆ ಕಸ ಸುರಿದು ತುಂಬಿಸಿದ ಜಾಗ. ಕೂಲಿ ಕೆಲಸದವ್ರ ಮನೆಗಳು, ಯುದ್ಧ ಆದ್ಮೇಲೆ ಬಂದ ಗ್ರೀಕ್ ಇಟಾಲಿಯನ್ ಕುಟುಂಬಗಳು, ಎಲ್ಲ ಲೇಬರ್ ಓಟು. ಆಮೇಲೆ ಸಿಟಿಗೆ ಹತ್ರ ಅಂತ ಓದಿದ ಸಂಬಳದ ಜನ ಬಂದ್ರು, ಮನೆ ರೇಟು ಏರ್ತು, ಕೆಫೆ ಬಂತು, ಗ್ರೀನ್ಸ್ ಓಟು ಬಂತು. 2000ದ ದಶಕದಲ್ಲಿ ಗ್ರೀನ್ಸ್ ಲಿಬರಲ್‌ಗಳನ್ನ ಮೂರನೇ ಸ್ಥಾನಕ್ಕೆ ತಳ್ಳಿ ಎರಡನೇ ಜಾಗಕ್ಕೆ ಬಂದು ಕೂತ್ಕೊಂಡ್ರು. ಆಟ ಬದಲಾಗಿದ್ದು ಆವಾಗ, 2017ರಲ್ಲಿ ಅಲ್ಲ.

ಇದು ಅರ್ಥ ಆಗ್ಬೇಕಿದ್ರೆ ಇಲ್ಲಿ ಓಟು ಹೇಗೆ ಹಾಕ್ತಾರೆ ಅಂತ ಸ್ವಲ್ಪ ಹೇಳ್ಬೇಕು. ಒಬ್ರಿಗೆ ಮಾರ್ಕ್ ಮಾಡಿ ಬರೋ ಹಾಗಿಲ್ಲ, ಬ್ಯಾಲೆಟ್‌ನಲ್ಲಿರೋ ಎಲ್ಲರಿಗೂ 1, 2, 3 ಅಂತ ಕೊನೇ ತನಕ ನಂಬರ್ ಬರೀಬೇಕು, ಬಿಟ್ರೆ ಓಟು ಕುಲಗೆಟ್ಟು ಹೋಗುತ್ತೆ. ಕಡಿಮೆ ಓಟು ಬಂದ ಕ್ಯಾಂಡಿಡೇಟ್‌ನ ಒಬ್ಬೊಬ್ಬರಾಗಿ ತೆಗೀತಾರೆ, ಅವ್ರ ಓಟೆಲ್ಲ ಆ ಕಾಗದದ ಮೇಲೆ ಮುಂದಿನ ನಂಬರ್ ಯಾರಿಗಿದ್ಯೋ ಅವ್ರಿಗೆ ಹೋಗುತ್ತೆ, ಕೊನೆಗೆ ಇಬ್ರು ಉಳೀತಾರೆ. ಮೂರನೇ ಸ್ಥಾನದ ಪಾರ್ಟಿಯ ಓಟು ಅದಕ್ಕೇ ಚಿನ್ನ. ಮತಗಟ್ಟೆ ಗೇಟಲ್ಲಿ ಪಾರ್ಟಿಯವ್ರು ಕೈಗೆ ತುರುಕ್ತಾರಲ್ಲ ಹೌ ಟು ವೋಟ್ ಕಾರ್ಡು, ಅದ್ರಲ್ಲಿ ಎರಡು ಮೂರು ಯಾರಿಗೆ ಬರೀರಿ ಅಂತ ಇರುತ್ತೆ. ಕಾರ್ಡಿನ ಪ್ರಕಾರ ಎಲ್ರೂ ಬರೆಯಲ್ಲ, ಮತಗಟ್ಟೆಯಲ್ಲಿ ಮಾರೋ ಸಾಸೇಜ್ ತಿಂಡಿಯ ಕ್ಯೂನಲ್ಲೇ ಬಿಸಾಕೋರೂ ಇದಾರೆ, ಆದ್ರೂ ಸಾಕಷ್ಟು ಜನ ಬರೀತಾರೆ.

ಇನ್ನು ವರ್ಷ ವರ್ಷ ನೋಡಿ. 2010ರಲ್ಲಿ ಟೆಡ್ ಬೇಲ್ಯೂ ಲಿಬರಲ್ ಲೀಡರ್ ಆಗಿದ್ದಾಗ ಗ್ರೀನ್ಸ್‌ನ ಲೇಬರ್‌ಗಿಂತ ಕೆಳಗೆ ಹಾಕಿ ಅಂತ ಕಾರ್ಡ್ ಮಾಡಿದ್ರು. ಆ ಸಲ ಲೇಬರ್ ರಾಜ್ಯದಲ್ಲಿ ಅಧಿಕಾರ ಕಳ್ಕೊಂಡ್ರೂ ಸಿಟಿ ಒಳಗಿನ ಮೆಲ್ಬರ್ನ್, ರಿಚ್‌ಮಂಡ್, ಬ್ರನ್ಸ್‌ವಿಕ್, ನಾರ್ತ್‌ಕೋಟ್ ನಾಲ್ಕೂ ಉಳಿಸ್ಕೊಂಡ್ರು. 2014ರಲ್ಲಿ ನಾರ್ತ್‌ಕೋಟ್‌ನಲ್ಲಿ ಲೇಬರ್ 56, ಗ್ರೀನ್ಸ್ 44. ಆರಾಮಾಗಿದಾರೆ ಅನ್ನಿಸುತ್ತೆ ಅಲ್ವಾ. 2017ರ ಆಗಸ್ಟ್‌ನಲ್ಲಿ ಫಿಯೋನಾ ರಿಚರ್ಡ್‌ಸನ್ ಕ್ಯಾನ್ಸರ್‌ನಿಂದ ತೀರಿಕೊಂಡ್ರು, ಮನೆಯೊಳಗಿನ ಹಿಂಸೆ ತಡೆಯೋಕೆ ಅಂತಾನೇ ಆಸ್ಟ್ರೇಲಿಯಾದಲ್ಲಿ ಮೊದಲ ಸಲ ಮಿನಿಸ್ಟರ್ ಆದವ್ರು ಅವ್ರು. ನವೆಂಬರ್ 18ಕ್ಕೆ ಬೈ ಎಲೆಕ್ಷನ್, ಸೇಮ್ ಸೆಕ್ಸ್ ಮ್ಯಾರೇಜ್ ಸರ್ವೇ ರಿಸಲ್ಟ್ ಬಂದು ಮೂರೇ ದಿನ ಆಗಿತ್ತು. ಲಿಬರಲ್‌ಗಳು ಕಣಕ್ಕೆ ಇಳಿಯಲೇ ಇಲ್ಲ. ಲಿಡಿಯಾ ಥಾರ್ಪ್ 55 ಪರ್ಸೆಂಟ್ ದಾಟಿ ಗೆದ್ರು, 11 ಪರ್ಸೆಂಟ್ ಮೇಲೆ ಸ್ವಿಂಗು, ಅಂದ್ರೆ ಅಷ್ಟು ಓಟು ಲೇಬರ್‌ನಿಂದ ಗ್ರೀನ್ಸ್ ಕಡೆ ತಿರುಗಿತ್ತು, ವಿಕ್ಟೋರಿಯಾ ಪಾರ್ಲಿಮೆಂಟಿಗೆ ಹೋದ ಮೊದಲ ಅಬೊರಿಜಿನಲ್ ಮಹಿಳೆ. ಪಾಪ, ಒಂದು ವರ್ಷ ಆಯ್ತು ಅಷ್ಟರಲ್ಲಿ ಲೇಬರ್ ಪ್ರೀಮಿಯರ್ ಡೇನಿಯಲ್ ಆಂಡ್ರ್ಯೂಸ್ ಅಲೆ, 2018ರಲ್ಲಿ ಕ್ಯಾಟ್ ಥಿಯೋಫನಸ್ ಸುಮಾರು 51.7 ತಗೊಂಡು ವಾಪಸ್ ಕಿತ್ಕೊಂಡ್ರು. ನಡುವೆ ಮಾರ್ಚ್‌ನಲ್ಲಿ ಇದೇ ಏರಿಯಾದ ಫೆಡರಲ್ ಕ್ಷೇತ್ರ ಬ್ಯಾಟ್‌ಮನ್‌ನಲ್ಲೂ ಬೈ ಎಲೆಕ್ಷನ್ ಆಗಿ ಲೇಬರ್‌ನ ಜೆಡ್ ಕಿಯರ್ನಿ ಗ್ರೀನ್ಸ್‌ನ ಸೋಲಿಸಿದ್ರು, ಆ ವರ್ಷ ಇಲ್ಲಿನ ಜನ ಓಟು ಹಾಕಿ ಹಾಕಿ ಸುಸ್ತು.

ಆಮೇಲೆ 2022. ಈ ಸಲ ಲಿಬರಲ್‌ಗಳು ಲೇಬರ್‌ನ ಕೊನೆಗೆ ಹಾಕಿ ಅಂದ್ರು, 2010ಕ್ಕೆ ತದ್ವಿರುದ್ಧ. ಪಕ್ಕದ ರಿಚ್‌ಮಂಡ್ ಗ್ರೀನ್ಸ್ ಪಾಲಾಯ್ತು, ನಾರ್ತ್‌ಕೋಟ್ ಲೇಬರ್‌ಗೆ ಕೂದಲೆಳೆ ಅಂತರದಲ್ಲಿ ಉಳೀತು, 50.2. ಸಾವಿರ ಓಟಲ್ಲಿ 502 ಈ ಕಡೆ, 498 ಆ ಕಡೆ. ಎಲೆಕ್ಷನ್ ಆದ ಶನಿವಾರ ರಾತ್ರಿ ಯಾರು ಗೆದ್ರು ಅಂತ ಹೇಳೋಕೆ ಆಗಲಿಲ್ಲ, ಪೋಸ್ಟಲ್ ಓಟು ಮುಂದಿನ ಶುಕ್ರವಾರದ ತನಕ ಬರ್ತಾನೇ ಇರುತ್ತೆ. ಈ ಸೀಟನ್ನೇ ಲೇಬರ್ ವರ್ಸಸ್ ಲಿಬರಲ್ ಅಂತ ಲೆಕ್ಕ ಹಾಕಿ ನೋಡಿ, ರಾಜ್ಯದಲ್ಲೇ ಅತಿ ಸೇಫ್ ಲೇಬರ್ ಸೀಟುಗಳಲ್ಲಿ ಒಂದು ಅಂತ ಬರುತ್ತೆ! ಒಂದೇ ಎಲೆಕ್ಷನ್, ಅದೇ ಬ್ಯಾಲೆಟ್ಟುಗಳು, ಎರಡು ಮಾರ್ಜಿನ್, ಅಂದ್ರೆ ಗೆಲುವಿನ ಅಂತರ. ಯಾವುದೇ ಸೈಟಲ್ಲಿ ಮಾರ್ಜಿನ್ ನೋಡೋ ಮುಂಚೆ ಯಾರ ವಿರುದ್ಧ ಮಾರ್ಜಿನ್ ಅಂತ ನೋಡಿ, ಎಬಿಸಿ ಪೇಜಲ್ಲಿ ಅದನ್ನ ನಂಬರ್ ಪಕ್ಕದಲ್ಲೇ ಹಾಕಿರ್ತಾರೆ, ಅದು ನಂಗೆ ತುಂಬಾ ಇಷ್ಟ ಆಯ್ತು, ಹಿನ್ನೆಲೆ ಬರಹವೂ ಒಂದೇ ಪ್ಯಾರಾದಲ್ಲಿ ಹದವಾಗಿರುತ್ತೆ.

ವಿಇಸಿಯಲ್ಲಿ ನಿಜವಾದ ನಿಧಿ ಇರೋದು ಪ್ರಿಫರೆನ್ಸ್ ಡಿಸ್ಟ್ರಿಬ್ಯೂಷನ್ ಅನ್ನೋ ಟೇಬಲ್‌ನಲ್ಲಿ. ನೋಡೋಕೆ ಬೋರು, ಬರೀ ಅಂಕಿ. ಮೇಲೆ ಕ್ಯಾಂಡಿಡೇಟ್ ಹೆಸರುಗಳು, ಕೆಳಗೆ ಹೋಗ್ತಾ ಹೋಗ್ತಾ ಒಬ್ಬೊಬ್ಬರ ಕಾಲಂ ಖಾಲಿ ಆಗ್ತಾ ಬರುತ್ತೆ, ಆ ಸಾಲಲ್ಲಿ ಅವ್ರ ಓಟು ಉಳಿದವ್ರಿಗೆ ಎಷ್ಟೆಷ್ಟು ಹಂಚಿಕೆ ಆಯ್ತು ಅಂತ ಇರುತ್ತೆ. ನಾನು ಮಾಡೋದು ಏನಂದ್ರೆ ಮೇಲಿಂದ ಓದೋದೇ ಇಲ್ಲ, ಸೀದಾ ಲಿಬರಲ್ ಕಾಲಂ ಸೊನ್ನೆ ಆಗೋ ಸಾಲಿಗೆ ಹೋಗ್ತೀನಿ, ಆ ಒಂದು ಸಾಲಲ್ಲಿ ಲೇಬರ್ ಕೆಳಗೆ ಎಷ್ಟು ಬಿತ್ತು ಗ್ರೀನ್ಸ್ ಕೆಳಗೆ ಎಷ್ಟು ಬಿತ್ತು ಅಂತ ನೋಡ್ತೀನಿ. ಬೇರೆ ಬೇರೆ ವರ್ಷದ ಆ ಸಾಲುಗಳನ್ನ ಪಕ್ಕಪಕ್ಕ ಇಟ್ಕೊಳ್ಳಿ, ಕಾರ್ಡು ಏನು ಕೆಲಸ ಮಾಡುತ್ತೆ ಅಂತ ಕಣ್ಣಿಗೆ ಕಟ್ಟಿದಂಗೆ ಗೊತ್ತಾಗುತ್ತೆ, ಟಿವಿ ಪ್ಯಾನೆಲ್‌ನಲ್ಲಿ ಗಂಟೆಗಟ್ಟಲೆ ಮಾತಾಡಿದ್ರೂ ಇಷ್ಟು ಸ್ಪಷ್ಟ ಆಗಲ್ಲ.

ಬೂತ್ ಪ್ರಕಾರ ಓಟು ಕೂಡ ಕೊಡ್ತಾರೆ. ಆದ್ರೆ ಇಲ್ಲಿ ಒಂದು ಎಚ್ಚರ. 2022ರಲ್ಲಿ ರಾಜ್ಯದಲ್ಲಿ ಹತ್ತತ್ರ ಅರ್ಧ ಜನ ಎಲೆಕ್ಷನ್ ದಿನಕ್ಕೆ ಮುಂಚೇನೇ ಅರ್ಲಿ ವೋಟಿಂಗ್ ಸೆಂಟರ್‌ಗೆ ಹೋಗಿ ಹಾಕಿಬಿಟ್ರು, ಆ ಓಟೆಲ್ಲ ಒಂದು ಸಾಲಲ್ಲಿ ಗುಡ್ಡೆ ಬಿದ್ದಿರುತ್ತೆ, ಥಾರ್ನ್‌ಬರಿಯವ್ರು ಯಾರು ಆಲ್ಫಿಂಗ್ಟನ್‌ನವ್ರು ಯಾರು ಅಂತ ಬಿಡಿಸೋಕೆ ಆಗಲ್ಲ. ಬೆಲ್ ಸ್ಟ್ರೀಟ್ ಅನ್ನೋ ರಸ್ತೆಗೆ ಹಿಪ್‌ಸ್ಟರ್ ಪ್ರೂಫ್ ಫೆನ್ಸ್, ಅಂದ್ರೆ ಫ್ಯಾಷನ್ ಹುಡುಗರನ್ನ ತಡೆಯೋ ಬೇಲಿ ಅಂತ ತಮಾಷೆ ಮಾಡ್ತಾರಲ್ಲ, ಅದ್ರಾಚೆ ಗ್ರೀನ್ಸ್ ಓಟು ಹೋಗಲ್ಲ ಅಂತ, ಅದನ್ನ ಬೂತ್ ಮ್ಯಾಪಲ್ಲಿ ಪ್ರೂವ್ ಮಾಡೋಕೆ ಹೊರಡೋರು ಇದನ್ನ ನೆನಪಿಟ್ಕೊಳ್ಳಿ. ಹಾಗೇ ಈ ಶತಮಾನದಲ್ಲೇ 2001, 2013, 2021 ಮೂರು ಸಲ ಕ್ಷೇತ್ರಗಳ ಪುನರ್ವಿಂಗಡಣೆ ಆಗಿದೆ, ಹೆಸರು ನಾರ್ತ್‌ಕೋಟೇ ಆದ್ರೂ ಗೆರೆ ಅದೇ ಇಲ್ಲ. 1952ರ ಪರ್ಸೆಂಟೇಜ್‌ನ 2022ರದ್ದಕ್ಕೆ ಹೋಲಿಸಿ ಗ್ರಾಫ್ ಹಾಕೋದು ಸುಮ್ನೆ ಕಣ್ಕಟ್ಟು. ಒಂದು ಮಾತ್ರ ಸಮಾಧಾನ, ಕ್ಷೇತ್ರ ಹುಟ್ಟಿದ 1927ರ ಎಲೆಕ್ಷನ್ನೇ ವಿಕ್ಟೋರಿಯಾ ಅಸೆಂಬ್ಲಿಗೆ ಓಟು ಕಡ್ಡಾಯ ಆದ ಮೊದಲ ಎಲೆಕ್ಷನ್, ಹಾಗಾಗಿ ಓಟು ಹಾಕಿದವ್ರು ಕಡಿಮೆ ಇದ್ರು ಅದಕ್ಕೆ ಹಿಂಗಾಯ್ತು ಅನ್ನೋ ತಕರಾರು ಇಲ್ಲಿ ಅಷ್ಟಾಗಿ ಬರಲ್ಲ.

ಫೋನಲ್ಲಿ ನೋಡ್ಬೇಡಿ, ಇಂಥ ಟೇಬಲ್ಲುಗಳು ಎಲ್ಲೇ ಇದ್ರೂ ಫೋನಲ್ಲಿ ಅಡ್ಡ ಎಳೆದು ಎಳೆದು ಹೆಸರು ಯಾವ್ದು ಅಂಕಿ ಯಾವ್ದು ಅಂತ ತಲೆ ಕೆಡುತ್ತೆ, ಲ್ಯಾಪ್‌ಟಾಪೇ ಸರಿ. ಬರೀ ಹೆಸರು, ವರ್ಷ ಸಾಕು ಅನ್ನೋರಿಗೆ ಪಾರ್ಲಿಮೆಂಟ್ ಡೇಟಾಬೇಸ್. ಐದು ನಿಮಿಷದಲ್ಲಿ ಕ್ಷೇತ್ರ ಅರ್ಥ ಆಗ್ಬೇಕು ಅಂದ್ರೆ ಎಬಿಸಿ. ಸಂಜೆ ಪೂರ್ತಿ ಟೈಮ್ ಇದ್ದು ಹಠ ಇದ್ದೋರಿಗೆ ವಿಇಸಿ, ನನ್ನ ಪ್ರಕಾರ ಅದೇ ಬೆಸ್ಟು. ಮುಂದಿನ ರಾಜ್ಯ ಎಲೆಕ್ಷನ್ 2026ರ ನವೆಂಬರ್ 28ಕ್ಕೆ, ನಾರ್ತ್‌ಕೋಟ್ ಬಗ್ಗೆ ಬೆಟ್ ಕಟ್ಟೋರು ಲೇಬರ್ ಏನಂತು ಗ್ರೀನ್ಸ್ ಏನಂತು ಅಂತ ನೋಡೋ ಮುಂಚೆ ಲಿಬರಲ್ ಕಾರ್ಡಲ್ಲಿ ಈ ಇಬ್ರಲ್ಲಿ ಯಾರು ಮೇಲಿದಾರೆ ಅಂತ ನೋಡ್ಕೊಂಡು ಕಟ್ಟಿ.