ಮರ ಕಡಿಯುವ ಗ್ಯಾಂಗು, ದಾವಣಗೆರೆ: ಹತ್ತಿದವರಿಗೆ 4, ಮಾತಾಡಿದವರಿಗೆ 2

ಒಟ್ಟು 5ಕ್ಕೆ 3. ಮರದ ಮೇಲಿನ ಕೆಲಸಕ್ಕೆ ಧಾರಾಳವಾಗಿ 4 ಕೊಡಬಹುದು, ನೆಲದ ಮೇಲಿನ ಲೆಕ್ಕಾಚಾರಕ್ಕೆ 2ರ ಮೇಲೆ ಕೊಡಲು ಮನಸ್ಸು ಬರುವುದಿಲ್ಲ.

ಕೆಲಸ ವಿದ್ಯಾನಗರದ 40×60 ಸೈಟಿನ ಮನೆಯದು. ಗೇಟಿನ ಪಕ್ಕದ ಗುಲ್‌ಮೊಹರ್ ತೆಗೆಯಬೇಕು, ಸಂದಿಯಲ್ಲಿದ್ದ ತೆಂಗು ತೆಗೆಯಬೇಕು, ಹಿತ್ತಲ ಬೇವಿನಲ್ಲಿ ತಾರಸಿಯ ನೀರಿನ ಟ್ಯಾಂಕಿನ ಮೇಲೆ ಬಾಗಿದ ಟೊಂಗೆಗಳನ್ನಷ್ಟೇ ಸವರಬೇಕು. ಮೇಸ್ತ್ರಿ ಮತ್ತು ನಾಲ್ಕು ಜನ. ಗೇಟಿನ ಹೊರಗೆ ನಿಂತು ನೋಡಿ ಹೋದ ಮೇಸ್ತ್ರಿ ಫೋನಿನಲ್ಲಿ ಒಪ್ಪಿದ್ದು 22,000 ರೂಪಾಯಿಗೆ, ಕೊನೆಗೆ ಕೇಳಿದ್ದು 31,500. ಹೆಚ್ಚುವರಿ 9,500ರ ವಿವರ ಹೀಗಿತ್ತು: ಗುಲ್‌ಮೊಹರ್ ಬುಡ ಕೀಳಲು 4,000, ಸೊಪ್ಪುಸದೆ ಸಾಗಿಸಲು ಮೂರು ಟ್ರೈಲರ್‌ಗೆ 3,600, ಹಾಳಾದ ಗರಗಸದ ಚೈನಿಗೆ 900, ಮಾತಿನಲ್ಲಿ ಇಲ್ಲದ ಒಂದು ಟೊಂಗೆಗೆ 1,000. ಗುತ್ತಿಗೆದಾರರ ಹೆಸರು ಇಲ್ಲಿ ಬರೆದಿಲ್ಲ. ಏಪ್ರಿಲ್–ಮೇ ಗಾಳಿಮಳೆಯ ಹೊತ್ತಿಗೆ ಎಲ್ಲರಿಗೂ ಅವಸರ, ಫೋನಿನಲ್ಲೇ ದರ ಕುದುರುತ್ತದೆ. ಬೇರೆ ಗ್ಯಾಂಗಿನ ಜೊತೆ ಮಾತಾಡಿದರೂ ಜಗಳ ಇವೇ ನಾಲ್ಕು ಜಾಗದಲ್ಲಿ ಎದ್ದೀತು.

ಮೊದಲು ಚೆನ್ನಾಗಿ ಆದದ್ದು. ತೆಂಗು ನಿಂತಿದ್ದುದು ಮನೆ ಗೋಡೆಗೂ ಕಾಂಪೌಂಡಿಗೂ ನಡುವಿನ ನಾಲ್ಕಡಿ ಸಂದಿಯಲ್ಲಿ. ಅಲ್ಲಿ ಬುಡಕ್ಕೆ ಗರಗಸ ಹಾಕುವ ಮಾತೇ ಇಲ್ಲ. ಹತ್ತಿದವನು ಮೊದಲು ಗೊನೆ, ಆಮೇಲೆ ಗರಿ ಇಳಿಸಿ, ಸುಳಿ ಕಡಿದು, ಕಾಂಡವನ್ನು ಮೇಲಿನಿಂದ ಮೂರು ಮೂರು ಅಡಿಗೆ ತುಂಡು ಮಾಡಿದ. ಹತ್ತಿಂಚು ವ್ಯಾಸದ ಹಸಿ ಕಾಂಡ ಮೂರಡಿಗೆ ಸುಮಾರು 40 ಕಿಲೋ ತೂಗುತ್ತದೆ. ನಲವತ್ತು ಅಡಿಯಿಂದ ಸುಮ್ಮನೆ ಬಿಟ್ಟರೆ ಕೆಳಗಿನ ಟೈಲ್ಸ್, ಚೇಂಬರ್ ಮುಚ್ಚಳ ಎರಡೂ ಪುಡಿ. ಇವರು ಪ್ರತಿ ತುಂಡಿಗೂ ಮಿಣಿ ಬಿಗಿದು, ಗರಗಸ ಹಾಕುವ ಜಾಗದ ಕೆಳಗೆ ಕಾಂಡಕ್ಕೆ ಎರಡು ಸುತ್ತು ಹಾಕಿ, ಕೆಳಗಿನವನು ಹಗ್ಗ ಜಾರಿಸುತ್ತ ಇಳಿಸುವ ಹಾಗೆ ಮಾಡಿದರು. ನೆಲಕ್ಕೆ ಗರಿ ಹಾಸಿ ಮೇಲೆ ಹಳೇ ಟೈರು ಇಟ್ಟಿದ್ದರು. ಒಂದು ಟೈಲ್ಸೂ ಒಡೆಯಲಿಲ್ಲ.

ಗುಲ್‌ಮೊಹರ್ ಇದಕ್ಕಿಂತ ಅಪಾಯದ ಮರ. ಅದರ ಕಟ್ಟಿಗೆ ಪೆಡಸು, ಬಾಗದೆ ಸೀಳಿಬಿಡುತ್ತದೆ. ಬುಡದಲ್ಲಿ ಕೊಳೆತು ಟೊಳ್ಳಾಗುವುದೂ ಹೆಚ್ಚು. ಕೊಡಲಿಯ ಹಿಂಬದಿಯಿಂದ ಸುತ್ತ ತಟ್ಟಿ, ಟೊಳ್ಳು ಸದ್ದು ಬಂದ ಕಡೆ ಬಿಟ್ಟು ಬೇರೆ ಕಡೆ ಹಗ್ಗ ಕಟ್ಟಿ ಹತ್ತಿದರು. ಕೊನೆಗೆ ಉಳಿದ ಎಂಟಡಿ ಬೊಡ್ಡೆಯನ್ನು ಬೀಳಿಸಿದ್ದಂತೂ ಪಾಠದಂತಿತ್ತು. 20 ಇಂಚು ವ್ಯಾಸದ ಬೊಡ್ಡೆ. ಬೀಳಬೇಕಾದ ದಿಕ್ಕಿಗೆ ನಾಲ್ಕೈದು ಇಂಚು ಆಳದ ಬಾಯಿ ತೆಗೆದು, ಹಿಂದಿನಿಂದ ಅದಕ್ಕಿಂತ ಒಂದೆರಡು ಇಂಚು ಮೇಲೆ ಗರಗಸ ಹಾಕಿ, ನಡುವೆ ಎರಡಿಂಚು ಕಟ್ಟಿಗೆ ಕಡಿಯದೆ ಉಳಿಸಿದರು. ಮರ ಎತ್ತ ಬೀಳಬೇಕೆಂದು ಹಿಡಿದಿಡುವುದು ಆ ಎರಡಿಂಚೇ. ಪೂರ್ತಿ ಕಡಿದರೆ ಬೊಡ್ಡೆ ತನಗೆ ಬೇಕಾದ ಕಡೆ ತಿರುಗುತ್ತದೆ. ಇಷ್ಟು ಕೈ ಇರುವವರು ಗರಗಸ ಹಿಡಿದಾಗ ಕಾಲಲ್ಲಿ ಹವಾಯಿ ಚಪ್ಪಲಿ, ತಲೆ ಮೇಲೆ ಬರೀ ಟವೆಲ್ಲು! ಐದನೇ ಅಂಕ ಹೋದದ್ದು ಅದಕ್ಕೇ.

ಈಗ ಜಗಳಕ್ಕೆ ಬರೋಣ. ಬುಡದ ವಿಷಯದಲ್ಲಿ ಮೇಸ್ತ್ರಿ ಹೇಳಿದ್ದು, "ಬುಡ ಕೀಳಾದು ಬ್ಯಾರೆ ರೇಟು ಸರ್, ಎಲ್ಲಾ ಕಡೆ ಹಂಗೇ." ಮನೆಯವರು, "ಪೂರ್ತಿ ತೆಗೀರಿ ಅಂತ ಅವತ್ತೇ ಹೇಳಿದ್ನಲ್ಲಪ್ಪ" ಎಂದರು. ಇಲ್ಲಿ ರೂಢಿ ಮೇಸ್ತ್ರಿಯ ಕಡೆ ಇದೆ. ಮರ ಇಳಿಸುವುದು ಹಗ್ಗ–ಗರಗಸದ ಕೆಲಸ, ಬುಡ ಕೀಳುವುದು ಪಿಕಾಸಿ–ಹಾರೆಯ ಕೆಲಸ. ಮಣ್ಣೊಳಗೆ ಚೈನ್ ಗರಗಸ ಹಾಕುವಂತಿಲ್ಲ, ಕ್ಷಣದಲ್ಲಿ ಹಲ್ಲು ಮೊಂಡಾಗುತ್ತದೆ. 20 ಇಂಚಿನ ಬುಡಕ್ಕೆ ಸುತ್ತ ಎರಡಡಿ ಅಗಲ, ಎರಡೂವರೆ ಅಡಿ ಆಳ ಗುಂಡಿ ತೋಡಿ ಅಡ್ಡ ಬೇರುಗಳನ್ನು ಕೊಡಲಿಯಿಂದ ಒಂದೊಂದಾಗಿ ಕಡಿಯಬೇಕು. ಇಬ್ಬರಿಗೆ ಒಂದಿಡೀ ದಿನ ಹಿಡಿಯುತ್ತದೆ, 4,000 ದುಬಾರಿ ಏನಲ್ಲ. ಜೆಸಿಬಿ ತರಿಸಿದರೆ ಅರ್ಧ ಗಂಟೆಯ ಕೆಲಸ, ಆದರೆ ಒಳಗೆ ಬರಲು ಎಂಟಡಿಗಿಂತ ಅಗಲದ ದಾರಿ ಬೇಕು. ಗುಲ್‌ಮೊಹರ್ ಬೇರು ಮೇಲ್ಮಟ್ಟದಲ್ಲೇ ದೂರ ಹರಡುತ್ತದೆ. ಬಕೆಟ್ಟಿನಿಂದ ಎಳೆದಾಗ ಬೇರಿನ ಜೊತೆ ಕಾಂಪೌಂಡಿನ ಸೈಜುಗಲ್ಲೂ, ನೀರಿನ ಪೈಪೂ ಮೇಲೆ ಬರಬಹುದು.

ಮೇಸ್ತ್ರಿಯ ತಪ್ಪು ಬೇರೆ ಕಡೆ ಇದೆ. ಬುಡವನ್ನು ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಬಿಟ್ಟಿದ್ದರು, ಇದು ಯಾವುದಕ್ಕೂ ಬಾರದ ಎತ್ತರ. ಯಂತ್ರದಿಂದ ಕೀಳಿಸುವುದಾದರೆ ಹಿಡಿದು ಅಲುಗಾಡಿಸಲು ಮೂರ್ನಾಲ್ಕು ಅಡಿ ಬಿಡಬೇಕು. ಹಾಗೇ ಉಳಿಸುವುದಾದರೆ ನೆಲಮಟ್ಟಕ್ಕೆ, ಹೆಚ್ಚೆಂದರೆ ಎರಡಿಂಚು ಬಿಟ್ಟು ಕತ್ತರಿಸಬೇಕು. ಬೊಡ್ಡೆ ಬೀಳಿಸುವ ಮುಂಚೆ "ಬುಡ ಏನು ಮಾಡೋಣ" ಎಂದು ಕೇಳುವುದು ಮೇಸ್ತ್ರಿಯ ಹೊಣೆ. ಕೇಳದಿದ್ದ ಮೇಲೆ ನೆಲಮಟ್ಟಕ್ಕೆ ಇಳಿಸಿಕೊಡುವುದು 22,000ದೊಳಗಿನ ಕೆಲಸ. ವಾದ ಆದ ಮೇಲೆ ಹಾಗೇ ಮಾಡಿಕೊಟ್ಟರು, ಬುಡ ಮಣ್ಣಲ್ಲೇ ಉಳಿಯಿತು.

ಹಾಗೆ ಉಳಿದ ಗುಲ್‌ಮೊಹರ್ ಬುಡ ಚಿಗುರುತ್ತದೆ. ತೊಗಟೆಯನ್ನು ಮಣ್ಣಿನ ಮಟ್ಟಕ್ಕಿಂತ ಕೆಳಗಿನವರೆಗೂ ಸುಲಿದು, ಬಂದ ಚಿಗುರನ್ನು ಬಂದಂತೆ ಮುರಿಯುತ್ತಿದ್ದರೆ ಬುಡ ಸೊರಗಿ ಸಾಯುತ್ತದೆ. ಉಪ್ಪು, ಆ್ಯಸಿಡ್ ಸುರಿಯಿರಿ ಎನ್ನುವವರ ಮಾತು ಕೇಳಬೇಡಿ, ಆ ಜಾಗದಲ್ಲಿ ಆಮೇಲೆ ಗಿಡವೇ ಏಳದಂತಾಗುತ್ತದೆ. ತೆಂಗಿನ ಬುಡಕ್ಕೆ ಚಿಗುರಿನ ಭಯ ಇಲ್ಲ, ಸುಳಿ ಹೋದರೆ ಮರ ಮುಗಿಯಿತು. ಆದರೆ ಕಡಿದ ತೆಂಗಿನ ತುಂಡುಗಳನ್ನು ಹಿತ್ತಲಲ್ಲಿ ಕೊಳೆಯಲು ಬಿಟ್ಟರೆ ಸುಳಿ ಕೊರೆಯುವ ರೈನೋಸಿರಸ್ ದುಂಬಿ ಅದರಲ್ಲೇ ಮೊಟ್ಟೆ ಇಟ್ಟು, ಅಕ್ಕಪಕ್ಕದ ಮನೆಯ ತೆಂಗಿಗೆ ಹೋಗುತ್ತದೆ. ಬುಡ ಕೀಳಿಸಿದವರಿಗೆ ಇನ್ನೊಂದು ಮಾತು: ಗುಂಡಿಯನ್ನು ಒಂದೇ ಸಲಕ್ಕೆ ಮುಚ್ಚಬೇಡಿ. ಆರಾರು ಇಂಚು ಗ್ರಾವೆಲ್ ಹಾಕಿ, ನೀರು ಬಿಟ್ಟು ದಮ್ಮಸ್ಸು ಮಾಡಬೇಕು. ಎರೆ ಮಣ್ಣಿನ ಸೈಟಾದರೆ ಇನ್ನೂ ಎಚ್ಚರ. ದೊಡ್ಡ ಮರ ಹೀರುತ್ತಿದ್ದ ನೀರು ಈಗ ಮಣ್ಣಲ್ಲೇ ಉಳಿಯುತ್ತದೆ, ಮಣ್ಣು ಉಬ್ಬುತ್ತದೆ, ಹತ್ತಿರದ ಕಾಂಪೌಂಡ್ ಗೋಡೆ ಬಿರುಕು ಬಿಟ್ಟರೆ ಆಶ್ಚರ್ಯವಿಲ್ಲ.

ಚೈನಿನ 900 ಕೊಡಬೇಕಾಗಿರಲಿಲ್ಲ, ಕೊಡಲೂ ಇಲ್ಲ. ಬಟ್ಟೆ ಒಣಹಾಕಲು ಎಂದೋ ಹೊಡೆದ ಕೊಕ್ಕೆಯನ್ನು ಮರ ನುಂಗಿತ್ತು, ಗರಗಸ ಅದಕ್ಕೇ ತಾಗಿತ್ತು, ನಿಜ. ಆದರೆ ಅದಕ್ಕೆ ಕಟ್ಟಿದ್ದ ತಂತಿಯ ತುದಿ ಹೊರಗೆ ಕಾಣುತ್ತಿತ್ತು. ಗೇಟಿನಿಂದಲೇ ಮರ ನೋಡಿ ದರ ಹೇಳಿದರೆ ಇಂಥದ್ದು ತಪ್ಪಿಹೋಗುತ್ತದೆ. ಹೆಚ್ಚುವರಿ ಟೊಂಗೆಯ 1,000 ಮಾತ್ರ ಪೂರ್ತಿ ನ್ಯಾಯ. ಮರದ ಮೇಲಿರುವ ಹುಡುಗನಿಗೆ ಕೆಳಗಿನಿಂದ "ಅದನ್ನೂ ಒಂದು ಹೊಡೆದುಬಿಡಪ್ಪ" ಎಂದು ಕೂಗುವುದು ಮನೆಯವರ ಹಳೇ ಚಾಳಿ. ಕೆಳಗಿನಿಂದ ಅದು ಒಂದು ಟೊಂಗೆ, ಮೇಲಿರುವವನಿಗೆ ಹೊಸದಾಗಿ ಹಗ್ಗ ಕಟ್ಟಿ ಮುಕ್ಕಾಲು ಗಂಟೆ. ಹೇಳುವುದಿದ್ದರೆ ಮೇಸ್ತ್ರಿಗೆ ಹೇಳಬೇಕು, ದರ ಕೇಳಿ ಹೇಳಬೇಕು.

ಸಾಗಣೆಯ ಕಥೆಗೂ ಬೇವಿನ ಕಥೆಗೂ ನಂಟಿದೆ, ಗ್ಯಾಂಗು ನಿಜವಾಗಿ ಅಂಕ ಕಳೆದುಕೊಂಡದ್ದು ಇಲ್ಲಿ. ಮರದ ಕೆಲಸದಲ್ಲಿ ಕಡಿಯುವುದು ಅರ್ಧ, ಹೊರಗೆ ಹಾಕುವುದು ಇನ್ನರ್ಧ. ಗುಲ್‌ಮೊಹರ್ ರೆಂಬೆ ತೂಕ ಕಡಿಮೆ, ಗಾತ್ರ ಜಾಸ್ತಿ. ಮೂರು ಟ್ರೈಲರ್ ತುಂಬಿದ್ದು ಬಹುಪಾಲು ಸೊಪ್ಪು, ಗರಿ. "ಗೇಟಿನ ಆಚೆ ಹಾಕಾದಷ್ಟೇ ನಮ್ದು" ಎನ್ನುವ ಮೇಸ್ತ್ರಿಯ ವಾದ ನಿಲ್ಲುವುದಿಲ್ಲ. ರಸ್ತೆ ಬದಿ ರಾಶಿ ಹಾಕಿದರೆ ಚರಂಡಿ ಕಟ್ಟುತ್ತದೆ, ಮಹಾನಗರ ಪಾಲಿಕೆಗೆ ಉತ್ತರ ಹೇಳಬೇಕಾದವರು ಮನೆಯವರು.

ಮರದ ಗುತ್ತಿಗೆಯಲ್ಲಿ ಕಟ್ಟಿಗೆಯೇ ಅರ್ಧ ಕೂಲಿ ಎಂಬ ಲೆಕ್ಕ ಹಿಂದಿನಿಂದ ಇದೆ: ದಿಮ್ಮಿ ಗ್ಯಾಂಗಿಗೆ, ಅದಕ್ಕೆ ತಕ್ಕಂತೆ ದರ ಇಳಿಕೆ. ಆದರೆ ಎಲ್ಲ ಕಟ್ಟಿಗೆಗೂ ಒಂದೇ ಬೆಲೆ ಇಲ್ಲ. ಸೌದೆ ಒಲೆಯ ಬೆಣ್ಣೆ ದೋಸೆಗೆ ಹೆಸರಾದ ಊರಲ್ಲಿ ಸೌದೆಗೆ ಗಿರಾಕಿ ಇದ್ದೇ ಇರುತ್ತಾರೆ, ಅವರು ಕೇಳುವುದು ಜಾಲಿ, ಹುಣಸೆಯಂಥ ಗಟ್ಟಿ ಸೌದೆ. ಗುಲ್‌ಮೊಹರ್ ಬೇಗ ಉರಿದು ಬೂದಿಯಾಗುತ್ತದೆ, ಬೇಗ ಹುಳುವೂ ಹಿಡಿಯುತ್ತದೆ. ಬೇವು ಹಾಗಲ್ಲ, ನೇರ ತುಂಡು ಸಿಕ್ಕರೆ ಸಾಮಿಲ್ಲಿನವರೇ ಕೊಳ್ಳುತ್ತಾರೆ. ಈ ಗ್ಯಾಂಗು ಗುಲ್‌ಮೊಹರ್ ದಿಮ್ಮಿಗಳನ್ನು ಅಂಗಳದಲ್ಲೇ ಬಿಟ್ಟು ಸೊಪ್ಪಿಗೆ ಸಾಗಣೆ ಖರ್ಚು ಕೇಳಿತು. ಬೇವಿನ ತುಂಡು ಮಾತ್ರ ಮೊದಲ ಟ್ರೈಲರಿನಲ್ಲೇ ಹೊರಟುಹೋಯಿತು.

ಬರೀ ಸವರುವ ಕೆಲಸದಲ್ಲಿ ಬೇವಿನ ಅಂಥ ತುಂಡು ಹೇಗೆ ಬಂತು? ಟ್ಯಾಂಕಿನ ಮೇಲಿದ್ದುದು ಮಣಿಕಟ್ಟು ಗಾತ್ರದ ರೆಂಬೆಗಳು. ಇವರು ಅವು ಹುಟ್ಟಿದ ಹೆಗ್ಗೊಂಬೆಯನ್ನೇ ಕಾಂಡದ ಹತ್ತಿರ ತೆಗೆದುಬಿಟ್ಟರು. ಸುತ್ತಳತೆ 36 ಇಂಚು, ನೇರ ಭಾಗ ಎಂಟಡಿ. ಕಟ್ಟಿಗೆ ಅಳೆಯುವ ಲೆಕ್ಕ ಹೀಗೆ: ಸುತ್ತಳತೆಯ ಕಾಲು ಭಾಗ 9 ಇಂಚು, ಒಂಬತ್ತೊಂಬತ್ಲೆ 81, ಉದ್ದ 8 ಅಡಿಯಿಂದ ಗುಣಿಸಿ 144ರಿಂದ ಭಾಗಿಸಿದರೆ 4.5 ಘನ ಅಡಿ. ಈ ಸೂತ್ರ ದುಂಡು ದಿಮ್ಮಿಯ ನಿಜವಾದ ಗಾತ್ರಕ್ಕಿಂತ ಐದನೇ ಒಂದು ಭಾಗ ಕಡಿಮೆಯೇ ತೋರಿಸುತ್ತದೆ. ಮನೆಯವರು ಟೇಪು ಹಿಡಿದು ಅಳೆದಿಡದಿದ್ದರೆ ಇದು ಲೆಕ್ಕಕ್ಕೇ ಬರುತ್ತಿರಲಿಲ್ಲ.

ಸವರುವುದೆಂದರೆ, ಉದ್ದ ಬೆಳೆದ ರೆಂಬೆಯನ್ನು ಅದರ ಮೂರನೇ ಒಂದು ಭಾಗವಾದರೂ ದಪ್ಪ ಇರುವ ಕವಲಿನ ತನಕ ಹಿಂದಕ್ಕೆ ಕತ್ತರಿಸುವುದು; ಉಳಿದ ಕವಲು ಮುಂದೆ ರೆಂಬೆಯ ಕೆಲಸ ಮಾಡುತ್ತದೆ. ಒಂದು ವರ್ಷದಲ್ಲಿ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ತೆಗೆಯಲೇಬೇಕಾದ ದೊಡ್ಡ ಕೊಂಬೆಗೆ ಮೂರು ಕಡಿತ: ಕಾಂಡದಿಂದ ಒಂದಡಿ ದೂರದಲ್ಲಿ ಕೆಳಗಿನಿಂದ ಕಾಲು ಭಾಗ, ಅದರಿಂದ ಒಂದಿಂಚು ಆಚೆ ಮೇಲಿನಿಂದ ಪೂರ್ತಿ, ಕೊನೆಗೆ ಉಳಿದ ಮೋಟನ್ನು ಕೊಂಬೆ ಬುಡದ ಉಬ್ಬಿದ ಬಳೆಯ ಹೊರಗೆ. ಮೊದಲೆರಡನ್ನು ಇವರು ಸರಿಯಾಗಿಯೇ ಮಾಡಿದರು, ತೊಗಟೆ ಸೀಳಲಿಲ್ಲ. ಮೂರನೆಯದನ್ನು ಕಾಂಡಕ್ಕೆ ಸಮನಾಗಿ ನುಣ್ಣಗೆ ಹೊಡೆದರು. ನೋಡಲು ಅಂದ, ಆದರೆ ಗಾಯ ಮುಚ್ಚಬೇಕಾದ ಬಳೆಯೇ ಹೋಯಿತು, ಕೊಳೆತ ಒಳಗಿಳಿಯಲು ದಾರಿಯಾಯಿತು. ಮೇಲೆ ಪೇಂಟು ಬಳಿದದ್ದರಿಂದ ಉಪಯೋಗವೇನೂ ಇಲ್ಲ. ತೆಂಗು ಇಳಿಸಲು ಇವರನ್ನೇ ಕರೆಯಿರಿ. ಉಳಿಸಿಕೊಳ್ಳಬೇಕಾದ ಮರಕ್ಕೆ ಕರೆಯಬೇಡಿ.

ಅನುಮತಿಯ ಬಗ್ಗೆ ಮೇಸ್ತ್ರಿಯ ಮಾತು "ಅದೆಲ್ಲ ನಾವ್ ನೋಡ್ಕೊಂತೀವಿ." ಇದನ್ನು ನಂಬಬೇಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಸ್ವಂತ ಸೈಟಿನ ಮರಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು, ಅರ್ಜಿ ಹಾಕಬೇಕಾದವರು ಮನೆಯವರು. ತೆಂಗು, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್‌ಗೆ ವಿನಾಯಿತಿ ಇದೆ. ಗುಲ್‌ಮೊಹರ್, ಬೇವನ್ನು ಹಾಗೆಂದುಕೊಳ್ಳಬೇಡಿ. ಆ ಕಾಯ್ದೆಯಲ್ಲಿ ಕಡಿಯುವುದೆಂದರೆ ಬುಡ ಕತ್ತರಿಸುವುದಷ್ಟೇ ಅಲ್ಲ, ಕೊಂಬೆಗಳನ್ನು ಹೊಡೆದು ಮರ ಬೋಳಿಸುವುದೂ ಅದರಲ್ಲಿ ಸೇರುತ್ತದೆ. ಗೇಟಿನ ಹೊರಗಿನ ಬೀದಿ ಮರವಂತೂ ನಿಮ್ಮದೇ ಅಲ್ಲ.

ಕರೆಂಟಿನ ಮಾತು ಒಂದೇ. ಮನೆಯ ಮೇನ್ ಸ್ವಿಚ್ ಆಫ್ ಮಾಡಿದರೆ ಕಂಬದಿಂದ ಮೀಟರಿನವರೆಗಿನ ವೈರು ಸಾಯುವುದಿಲ್ಲ. ಬೆಸ್ಕಾಂ ಶಾಖಾ ಕಚೇರಿಗೋ 1912 ಸಹಾಯವಾಣಿಗೋ ಮೊದಲೇ ತಿಳಿಸಿ, ಲೈನ್‌ಮನ್ ಬಂದು ಲೈನಿನ ಕರೆಂಟು ತೆಗೆದ ಮೇಲೆಯೇ ಹತ್ತಿಸಬೇಕು.

ಕೊನೆಗೆ ತೀರಿದ್ದು 25,400ಕ್ಕೆ: ಮಾತಾದ 22,000, ಟೊಂಗೆಯ 1,000, ಮೂರರಲ್ಲಿ ಎರಡು ಟ್ರೈಲರಿನ ಬಾಡಿಗೆ 2,400. ಮೂರನೆಯದು ಬೇವಿನ ತುಂಡಿಗೆ ವಜಾ. ಅದರ ಬೆಲೆಗೆ ಹೋಲಿಸಿದರೆ ಮೇಸ್ತ್ರಿಗೆ ನಷ್ಟವೇನೂ ಆಗಿಲ್ಲ.

ಮುಂಗಡ ಕೊಡುವ ಮುಂಚೆ ಒಂದು ಹಾಳೆಯಲ್ಲಿ ಇಷ್ಟು ಬರೆದು ಮೇಸ್ತ್ರಿಯ ಸಹಿ ಹಾಕಿಸಿದ್ದರೆ ಇಡೀ ವಾದ ಆಗುತ್ತಿರಲಿಲ್ಲ: "ಗುಲ್‌ಮೊಹರ್ 1, ತೆಂಗು 1: ನೆಲದಿಂದ 2 ಇಂಚಿಗೆ ಕತ್ತರಿಸುವುದು, ಬುಡ ಕೀಳುವುದಿಲ್ಲ. ಬೇವು 1: ಸುಣ್ಣದ ಗುರುತು ಹಾಕಿದ ರೆಂಬೆ ಮಾತ್ರ, ಸುತ್ತಳತೆ 12 ಇಂಚು ಮೀರಿದ ಕೊಂಬೆ ಮುಟ್ಟುವಂತಿಲ್ಲ. ಸೊಪ್ಪು, ಗರಿ, ದಿಮ್ಮಿ ಎಲ್ಲ ಸಾಗಿಸುವುದು ಗುತ್ತಿಗೆಯವರದೇ. ಬೇವಿನ ಕಟ್ಟಿಗೆ ಮನೆಯವರದು. ಮೊಳೆ, ತಂತಿ ನೋಡಿಕೊಂಡಿದ್ದೇವೆ. ಹೆಚ್ಚಿನ ಕೆಲಸಕ್ಕೆ ಮೇಸ್ತ್ರಿಯೇ ದರ ಹೇಳಿ, ಇದೇ ಹಾಳೆಯಲ್ಲಿ ಬರೆದ ಮೇಲೆ ಶುರು. ಹೆಂಚು, ಶೀಟು, ಸೋಲಾರ್, ಪೈಪು ಒಡೆದರೆ ಗುತ್ತಿಗೆಯವರ ಖರ್ಚು. ಬಾಕಿ ಹಣ ಕೊನೆಯ ಟ್ರೈಲರ್ ಹೊರಟ ಮೇಲೆ."